ಬೇಲಿ ಇಲ್ಲದ ಹೊಲಗಳ ಊರು: ಇಂಗ್ಲೆಂಡಿನ ಲ್ಯಾಕ್ಸ್‌ಟನ್

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಇರಲಿ ಎಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದರು. ಸಹಕಾರದ ಇತಿಹಾಸ ಎಂದ ಕೂಡಲೆ ಸಾಮಾನ್ಯವಾಗಿ ಎರಡು ಊರಿನ ಹೆಸರು ಬರುತ್ತದೆ. ಒಂದು, 1844ರಲ್ಲಿ 28 ಮಂದಿ ಕೂಡಿ ಅಂಗಡಿ ತೆರೆದ ಇಂಗ್ಲೆಂಡಿನ ರಾಚ್‌ಡೇಲ್. ಇನ್ನೊಂದು, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ನಮ್ಮ ಗದಗ ಸೀಮೆಯ ಕಣಗಿನಹಾಳ. ಇವೆರಡನ್ನೂ ಸಭೆ ಸಮಾರಂಭಗಳ ಭಾಷಣದಲ್ಲಿ ನಾವೆಲ್ಲ ಬೇಕಾದಷ್ಟು ಸಲ ಕೇಳಿದ್ದೇವೆ. ಆದ್ದರಿಂದ ಈ ಲೇಖನದಲ್ಲಿ ನಾವು ಮೂರನೆಯ ಒಂದು ಊರಿನ ವಿಚಾರ ಹೇಳುತ್ತೇವೆ. ಅಲ್ಲಿ ಷೇರು ಇಲ್ಲ, ಬೈಲಾ ಪುಸ್ತಕ ಇಲ್ಲ, ಸಹಕಾರ ಎಂಬ ಬೋರ್ಡೂ ಇಲ್ಲ. ಆದರೆ ರೈತರು ಕೂಡಿ ಕೂತು ತಮ್ಮ ಹೊಲದ ವ್ಯವಹಾರ ತಾವೇ ತೀರ್ಮಾನ ಮಾಡಿಕೊಳ್ಳುವ ಪದ್ಧತಿ ನೂರಾರು ವರ್ಷಗಳಿಂದ ಬಿಡದೆ ನಡೆದಿದೆ. ಆ ಊರಿನ ಹೆಸರು ಲ್ಯಾಕ್ಸ್‌ಟನ್.

ನಾವು ಆ ಊರನ್ನು ಕಣ್ಣಿಂದ ಕಂಡವರಲ್ಲ, ಓದಿ ತಿಳಿದವರು. ಆದರೂ ಓದುತ್ತಾ ಹೋದ ಹಾಗೆ ಬದು, ಗೋಮಾಳ, ಒತ್ತುವರಿ, ಪಂಚಾಯ್ತಿ, ದಂಡ ಎಲ್ಲವೂ ನಮಗೆ ಗೊತ್ತಿರುವ ಸಂಗತಿಗಳೇ ಆಗಿ ಕಂಡವು. ರೈತನ ತಾಪತ್ರಯ ಎಲ್ಲಾ ದೇಶದಲ್ಲೂ ಒಂದೇ ಅಂತ ಕಾಣುತ್ತದೆ.

ಊರಿನ ಇರವು

ಇಂಗ್ಲೆಂಡಿನ ನಡುಭಾಗದಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಎಂಬ ಜಿಲ್ಲೆ ಇದೆ. ರಾಬಿನ್ ಹುಡ್ ಕಥೆಯಲ್ಲಿ ಬರುವ ಶೆರ್‌ವುಡ್ ಕಾಡು ಇರುವುದು ಇದೇ ಜಿಲ್ಲೆಯಲ್ಲಿ. ಆ ಕಾಡಿನ ಪೂರ್ವಕ್ಕೆ, ಜೇಡಿಮಣ್ಣಿನ ಸೀಮೆಯಲ್ಲಿ ಲ್ಯಾಕ್ಸ್‌ಟನ್ ಇದೆ. ಸಣ್ಣ ಊರು. ಒಂದು ಮುಖ್ಯ ಬೀದಿ, ಒಂದು ಹಳೆಯ ಚರ್ಚು, ಡವ್‌ಕೋಟ್ ಇನ್ ಎಂಬ ಒಂದು ಪಬ್ಬು, ಬೀದಿಯ ಎರಡೂ ಕಡೆ ಇಟ್ಟಿಗೆಯ ಮನೆಗಳು.

ಇಂಗ್ಲೆಂಡಿನ ಬೇರೆ ಕಡೆ ಎಷ್ಟೋ ರೈತರ ಮನೆ ಇರುವುದು ಅವರವರ ಜಮೀನಿನ ನಡುವೆ, ಒಂಟಿಯಾಗಿ. ಲ್ಯಾಕ್ಸ್‌ಟನ್ನಿನಲ್ಲಿ ಹಾಗಲ್ಲ. ರೈತರ ಮನೆ, ಕಣಜ, ದನದ ಕೊಟ್ಟಿಗೆ ಎಲ್ಲಾ ಊರೊಳಗೆ ಬೀದಿಯ ಪಕ್ಕದಲ್ಲೇ ಇವೆ. ಹೊಲ ಊರಾಚೆ. ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಿ ಸಂಜೆ ಊರಿಗೆ ಬರುವುದು ನಮ್ಮ ಹಾಗೆಯೇ. ಹೀಗೆ ಇರುವುದಕ್ಕೆ ಒಂದು ಕಾರಣ ಇದೆ. ಒಬ್ಬೊಬ್ಬನ ಜಮೀನು ಒಂದೇ ಕಡೆ ಇಲ್ಲ. ಊರ ಸುತ್ತಲ ದೊಡ್ಡ ಬಯಲುಗಳಲ್ಲಿ ಉದ್ದುದ್ದ ಪಟ್ಟಿಗಳಾಗಿ ಹಂಚಿಹೋಗಿದೆ. ಪಟ್ಟಿಗಳ ನಡುವೆ ಬೇಲಿ ಇಲ್ಲ. ಹಿಂದೆ ಇಂಗ್ಲೆಂಡಿನ ಬಹುಪಾಲು ಬಯಲು ಸೀಮೆಯಲ್ಲಿ ಇದೇ ಪದ್ಧತಿ ಇತ್ತು. ಈಗ ಹಳೆಯ ಕಟ್ಟುಪಾಡಿನೊಂದಿಗೆ, ಬೇಸಾಯವಾಗಿಯೇ ನಡೆದುಬಂದಿರುವ ಊರು ಎಂದರೆ ಮುಖ್ಯವಾಗಿ ಲ್ಯಾಕ್ಸ್‌ಟನ್. ಇತಿಹಾಸಕಾರರು ಈ ಊರಿಗೆ ಇಷ್ಟು ಬೆಲೆ ಕೊಡುವುದು ಅದಕ್ಕೇ.

ಪ್ಯಾರಿಷ್ ಎಂದರೇನು

ಆ ದೇಶದ ಹಳ್ಳಿಯ ವಿಚಾರ ಹೇಳುವಾಗ ಪ್ಯಾರಿಷ್ ಎಂಬ ಮಾತು ಬಿಡುವಂತಿಲ್ಲ. ಒಂದು ಚರ್ಚು, ಅದಕ್ಕೆ ನಡೆದುಕೊಳ್ಳುವ ಊರು ಮತ್ತು ಮಜರೆ, ಇಷ್ಟು ಸೇರಿದರೆ ಒಂದು ಪ್ಯಾರಿಷ್. ಲ್ಯಾಕ್ಸ್‌ಟನ್ ಪ್ಯಾರಿಷ್ಷಿಗೆ ಮೂರ್‌ಹೌಸ್ ಎಂಬ ಮಜರೆ ಸೇರಿದೆ. ಹಿಂದೆ ರೈತ ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಹೋಗುತ್ತಿತ್ತು. ಧಾನ್ಯವಾಗಿ ಅಳೆದು ಕೊಡುತ್ತಿದ್ದ ಈ ಪಾಲನ್ನು ಹಣದ ಲೆಕ್ಕಕ್ಕೆ ತಂದದ್ದು 1836ರ ಕಾಯಿದೆ. 1538ರಿಂದ ಪ್ರತಿ ಪ್ಯಾರಿಷ್ಷೂ ನಾಮಕರಣ, ಮದುವೆ, ಸಾವು ಮೂರನ್ನೂ ಪುಸ್ತಕದಲ್ಲಿ ಬರೆದಿಡಬೇಕು ಎಂದು ಅರಸರ ಆಜ್ಞೆ ಆಯಿತು. 1601ರ ಬಡವರ ಕಾಯಿದೆ ಬಂದ ಮೇಲೆ ಗತಿ ಇಲ್ಲದವರನ್ನು ಸಾಕುವ ಭಾರವೂ ಪ್ಯಾರಿಷ್ಷಿನ ಮೇಲೇ ಬಿತ್ತು. ಅದಕ್ಕಾಗಿ ಊರವರೇ ತೆರಿಗೆ ಎತ್ತಬೇಕಾಯಿತು. 1894ರ ಕಾಯಿದೆಯಿಂದ ಊರವರೇ ಆರಿಸುವ ಪ್ಯಾರಿಷ್ ಕೌನ್ಸಿಲ್ ಬಂದಿತು. ಅದು ನಮ್ಮ ಗ್ರಾಮ ಪಂಚಾಯ್ತಿ ಇದ್ದ ಹಾಗೆ.

ಲ್ಯಾಕ್ಸ್‌ಟನ್ನಿನ ಚರ್ಚು ಸಂತ ಮೈಕೇಲನ ಹೆಸರಿನದು. ಅದರ ಹಳೆಯ ಭಾಗಗಳು ಹನ್ನೆರಡನೆಯ ಶತಮಾನದಷ್ಟು ಹಿಂದಿನವು. 1860ರ ಸುಮಾರಿಗೆ ಊರಿನ ಒಡೆಯರಾಗಿದ್ದ ಅರ್ಲ್ ಮ್ಯಾನ್ವರ್ಸ್ ಅವರು ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಒಳಗೆ ಎವರಿಂಗ್‌ಹ್ಯಾಮ್ ಎಂಬ ಹಳೆಯ ಒಡೆಯರ ಮನೆತನದವರ ಸಮಾಧಿ ಶಿಲ್ಪಗಳಿವೆ. ಅದರಲ್ಲಿ ಒಬ್ಬ ಹೆಂಗಸಿನ ಮೂರ್ತಿ ಮಾತ್ರ ಕಲ್ಲಿನದಲ್ಲ, ಓಕ್ ಮರದ್ದು. ಹದಿನಾಲ್ಕನೆಯ ಶತಮಾನದ ಮರದ ಕೆಲಸ ಈವರೆಗೆ ಉಳಿದಿರುವುದು ದೊಡ್ಡ ಸಂಗತಿ.

ಐದು ನೇಗಿಲು, ಇಪ್ಪತ್ತೊಂಬತ್ತು ಒಕ್ಕಲು

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಇಪ್ಪತ್ತು ವರ್ಷದ ನಂತರ, 1086ರಲ್ಲಿ, ಯಾವ ಊರಲ್ಲಿ ಎಷ್ಟು ಜಮೀನು, ಎಷ್ಟು ನೇಗಿಲು, ಎಷ್ಟು ಜನ ಎಂದು ಲೆಕ್ಕ ಬರೆಸಿದ. ಅದಕ್ಕೆ ಡೂಮ್ಸ್‌ಡೇ ಬುಕ್ ಎನ್ನುತ್ತಾರೆ. ಲ್ಯಾಕ್ಸ್‌ಟನ್ನಿನ ಹೆಸರು ಅದರಲ್ಲಿ ಇದೆ. ಟೋಕಿ ಎಂಬ ಹಳೆಯ ಒಡೆಯನ ಕೈಯಿಂದ ಊರು ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ನನಿಗೆ ಹೋಗಿತ್ತು. ಊರಿನಲ್ಲಿ 22 ಮಂದಿ ಒಕ್ಕಲು, 7 ಮಂದಿ ಚಿಕ್ಕ ಹಿಡುವಳಿಯವರು, 6 ಮಂದಿ ಜೀತದವರು, 40 ಎಕರೆ ಹುಲ್ಲುಗಾವಲು ಮತ್ತು ದನ ಮೇಯುವ ಕಾಡು ಇತ್ತು ಎಂದು ಬರೆದಿದೆ.

ಇದರಲ್ಲಿ ನಮ್ಮ ಗಮನ ಸೆಳೆದದ್ದು ನೇಗಿಲಿನ ಲೆಕ್ಕ. ಒಡೆಯನ ಕಡೆಯವನಿಗೆ ಒಂದು ನೇಗಿಲು. ಉಳಿದ 22 ಮತ್ತು 7, ಒಟ್ಟು 29 ಒಕ್ಕಲಿಗೆ ಸೇರಿ ಐದೇ ನೇಗಿಲು. ಆ ಲೆಕ್ಕದಲ್ಲಿ ಒಂದು ನೇಗಿಲು ಎಂದರೆ ಎಂಟು ಎತ್ತು. ಜೇಡಿಮಣ್ಣು ಸೀಳಲು ಭಾರೀ ನೇಗಿಲು ಬೇಕು, ಅದನ್ನು ಒಂದು ಜೊತೆ ಎತ್ತು ಎಳೆಯಲಾರವು. ಎಂಟು ಎತ್ತು ಕಟ್ಟುವ ತ್ರಾಣ ಯಾವ ಬಡ ಒಕ್ಕಲಿಗಿದ್ದೀತು? ಒಬ್ಬನದು ಒಂದು ಎತ್ತು, ಇನ್ನೊಬ್ಬನದು ಎರಡು, ಮತ್ತೊಬ್ಬನದು ಗುಳ. ಐದಾರು ಮನೆಯವರು ಕೂಡಿದರೆ ಒಂದು ನೇಗಿಲು. ನಮ್ಮಲ್ಲಿ ಮುಯ್ಯಾಳು ಅಂತೀವಲ್ಲ, ಅಂಥ ಏರ್ಪಾಡು. ಅಲ್ಲಿನವರು ದೊಡ್ಡ ತತ್ವ ಓದಿ ಕೂಡಿದವರಲ್ಲ, ಕೂಡದಿದ್ದರೆ ಬಿತ್ತನೆ ಆಗುತ್ತಿರಲಿಲ್ಲ.

ಮುಂದೆ ಊರಿನ ಉತ್ತರಕ್ಕೆ ಮಣ್ಣಿನ ದಿಬ್ಬ ಎಬ್ಬಿಸಿ ಕೋಟೆ ಕಟ್ಟಿದರು. ಆಗಿನ ಒಡೆಯರಾದ ಡಿ ಕಾಕ್ಸ್ ಮನೆತನ, ಅವರ ತರುವಾಯ ಎವರಿಂಗ್‌ಹ್ಯಾಮ್ ಮನೆತನದವರು ಶೆರ್‌ವುಡ್ ಕಾಡಿನ ರಕ್ಷಣಾಧಿಕಾರವನ್ನು ವಂಶಪಾರಂಪರ್ಯವಾಗಿ ನಡೆಸುತ್ತಿದ್ದರು. ಈಗ ಕೋಟೆ ಇಲ್ಲ, ಹುಲ್ಲು ಬೆಳೆದ ದಿಬ್ಬ ಮತ್ತು ಕಂದಕ ಮಾತ್ರ ಇವೆ. ಕೋಟೆ ಕಟ್ಟಿದವರು ಹೋದರು, ಹೊಲದ ಪಟ್ಟಿಗಳು ಉಳಿದವು.

ಎಕರೆಯೂ ಗುಂಟೆಯೂ

ಎಂಟು ಎತ್ತಿನ ನೇಗಿಲನ್ನು ತಿರುಗಿಸುವುದು ಬಲು ಕಷ್ಟ. ಆದ್ದರಿಂದ ತಿರುವು ಕಡಿಮೆ ಇರಲಿ ಎಂದು ಹೊಲವನ್ನು ಅಗಲ ಕಡಿಮೆ, ಉದ್ದ ಹೆಚ್ಚು ಮಾಡಿದರು. ಎತ್ತು ಒಂದೇ ಉಸಿರಿಗೆ ಎಳೆದುಕೊಂಡು ಹೋಗಿ ದಣಿವಾರಿಸಿಕೊಳ್ಳುವಷ್ಟು ದೂರದ ಸಾಲಿಗೆ ಅವರು ಫರ್ಲಾಂಗ್ ಎಂದರು. ಆ ಮಾತಿನ ಅರ್ಥವೇ ನೇಗಿಲ ಸಾಲಿನ ಉದ್ದ ಎಂದು. ನಮ್ಮ ಹಿರಿಯರು ಈಗಲೂ ‘ರಸ್ತೆಯಿಂದ ಎರಡು ಫರ್ಲಾಂಗ್ ಒಳಗೆ’ ಅನ್ನುತ್ತಾರಲ್ಲ, ಅದೇ ಫರ್ಲಾಂಗ್. ಒಂದು ಜೊತೆ ನೇಗಿಲು ಒಂದು ದಿನದಲ್ಲಿ ಉಳುವ ನೆಲಕ್ಕೆ ಎಕರೆ ಎಂದರು.

ಲೆಕ್ಕ ಹೀಗಿದೆ. ಫರ್ಲಾಂಗ್ ಎಂದರೆ 660 ಅಡಿ. 660 ಅಡಿ ಉದ್ದ, 66 ಅಡಿ ಅಗಲದ ಪಟ್ಟಿಯೇ ಒಂದು ಎಕರೆ, ಅಂದರೆ 43,560 ಚದರ ಅಡಿ. 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತ ಪಂಡಿತರು 66 ಅಡಿಯ ಅಳತೆ ಸರಪಳಿಯನ್ನು ಬಳಕೆಗೆ ತಂದರು. ನಮ್ಮ ಮೋಜಣಿದಾರರ ಸರಪಳಿ ಅದರ ಅರ್ಧ, 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ 1,089 ಚದರ ಅಡಿ. ಅದೇ ನಮ್ಮ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ 43,560 ಚದರ ಅಡಿ ಸರಿಯಾಗಿ ಬರುತ್ತದೆ. ಅಂದರೆ ಈಗ ನಮ್ಮ ಪಹಣಿಯಲ್ಲಿ ಬರೆದಿರುವ ಎಕರೆ, ಲ್ಯಾಕ್ಸ್‌ಟನ್ನಿನಂಥ ಊರುಗಳ ಎತ್ತಿನ ನಡಿಗೆಯಿಂದ ಹುಟ್ಟಿದ ಅಳತೆ. ಸರ್ಕಾರಿ ಕಚೇರಿಯ ಲೆಕ್ಕ ಅಂದುಕೊಂಡಿದ್ದೆವು, ಅದರ ಬುಡದಲ್ಲಿ ಇರುವವನೂ ಒಬ್ಬ ಉಳುವವನೇ.

ಮೂರು ಬಯಲಿನ ಬೇಸಾಯ

ಲ್ಯಾಕ್ಸ್‌ಟನ್ನಿನಲ್ಲಿ ಈಗ ಮೂರು ಬಯಲುಗಳಿವೆ. ಪಶ್ಚಿಮ ಬಯಲು, ಗಿರಣಿ ಬಯಲು, ದಕ್ಷಿಣ ಬಯಲು. ಪದ್ಧತಿ ಹೀಗೆ: ಒಂದು ಬಯಲಿಗೆ ಚಳಿಗಾಲಕ್ಕೆ ಮುಂಚೆ ಗೋಧಿ ಬಿತ್ತನೆ. ಎರಡನೆಯದಕ್ಕೆ ಚಳಿ ಕಳೆದ ಮೇಲೆ ಬಾರ್ಲಿ, ಓಟ್ಸ್, ಬಟಾಣಿ, ಹುರುಳಿಕಾಯಿ ಜಾತಿಯ ಕಾಳು. ಮೂರನೆಯದು ಬೀಳು. ಮರು ವರ್ಷ ಬೀಳಿಗೆ ಗೋಧಿ, ಗೋಧಿ ಹೊಲಕ್ಕೆ ಬಾರ್ಲಿ, ಬಾರ್ಲಿ ಹೊಲ ಬೀಳು. ಮೂರು ವರ್ಷಕ್ಕೆ ಒಂದು ಸುತ್ತು. ಬರಬರುತ್ತಾ ಬೀಳು ಬಯಲಲ್ಲಿ ಮೇವಿನ ಬೆಳೆ ಹಾಕಲು ಒಪ್ಪಿಗೆ ಕೊಟ್ಟಿದ್ದಾರೆ. ಆದರೆ ಸುತ್ತು ತಪ್ಪಿಲ್ಲ.

ಕೊಯ್ಲು ಮುಗಿದ ಮೇಲೆ ಕೂಳೆಗೆ ಊರಿನ ದನ ಕುರಿ ಎಲ್ಲಾ ಬಿಡುತ್ತಿದ್ದರು. ಬೀಳು ಬಯಲಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದರು. ಗೊಬ್ಬರ ಅಲ್ಲೇ ಬೀಳುತ್ತಿತ್ತು. ಇಲ್ಲಿ ಒಂದು ವಿಷಯ ಗಮನಿಸಬೇಕು. ನಡುವೆ ಬೇಲಿ ಇಲ್ಲದ ಮೇಲೆ ಒಬ್ಬ ತನ್ನ ಪಟ್ಟಿಗೆ ಮಾತ್ರ ತಡವಾಗಿ ಬೇರೆ ಬೆಳೆ ಹಾಕುತ್ತೇನೆ ಎಂದರೆ ನಡೆಯುವುದಿಲ್ಲ. ದನ ಬಿಟ್ಟ ದಿನ ಅವನ ಪೈರು ಹೋಯಿತು ಅಂತಲೇ ಲೆಕ್ಕ. ಆದ್ದರಿಂದ ಬಿತ್ತುವ ದಿನ, ಕೊಯ್ಯುವ ದಿನ, ದನ ಬಿಡುವ ದಿನ ಮೂರನ್ನೂ ಊರೇ ಗೊತ್ತು ಮಾಡಬೇಕು.

ಪಟ್ಟಿಗಳು ಹಂಚಿಹೋಗಿರುವುದಕ್ಕೂ ಕಾರಣ ಇದೆ ಎನ್ನುತ್ತಾರೆ. ಒಳ್ಳೆ ಮಣ್ಣು, ಜೌಗು, ಇಳಿಜಾರು ಎಲ್ಲಾ ಎಲ್ಲರಿಗೂ ಒಂದಿಷ್ಟು ಬರುತ್ತದೆ. ಒಂದು ಕಡೆ ನೀರು ನಿಂತು ಕೊಳೆತರೆ ಇನ್ನೊಂದು ಕಡೆಯದು ಕೈಗೆ ಸಿಗುತ್ತದೆ. ಅಣ್ಣ ತಮ್ಮಂದಿರು ಪಾಲಾಗುವಾಗ ‘ಮೇಲಿನ ಹೊಲದಲ್ಲೂ ಬೇಕು, ಕೆರೆ ಕೆಳಗೂ ಬೇಕು’ ಎಂದು ಹಟ ಹಿಡಿಯುವುದನ್ನು ಕಂಡ ನಮಗೆ ಇದು ಹೊಸದಲ್ಲ.

ಬಯಲಿನ ನಡುವೆ ತೊರೆಯ ಪಕ್ಕ, ಕಡಿದಾದ ಇಳಿಜಾರು, ನೇಗಿಲು ಹೋಗದ ಜಾಗಗಳನ್ನು ಹುಲ್ಲಿಗೆ ಬಿಟ್ಟಿದ್ದಾರೆ. ಇವಕ್ಕೆ ಸೈಕ್ ಎನ್ನುತ್ತಾರೆ. ಇದು ಯಾರೊಬ್ಬನದೂ ಅಲ್ಲ. ಪ್ರತಿ ಬೇಸಿಗೆಯಲ್ಲಿ ಇದರ ಹುಲ್ಲು ಹರಾಜು ಆಗುತ್ತದೆ. ಎಂದೂ ನೇಗಿಲು, ರಾಸಾಯನಿಕ ಕಾಣದ ಆ ನೆಲದಲ್ಲಿ ಬೇರೆ ಕಡೆ ಅಳಿದುಹೋದ ಕಾಡುಹೂವಿನ ಗಿಡಗಳು ಉಳಿದಿವೆ. ಅದಕ್ಕಾಗಿ ಸರ್ಕಾರ ಅವನ್ನು ವಿಶೇಷ ರಕ್ಷಣೆಯ ಪಟ್ಟಿಗೆ ಸೇರಿಸಿದೆ.

1635ರ ನಕ್ಷೆ, ಮತ್ತು ನಮ್ಮ ಮೆಣಸು

ಊರಿನ ಇತಿಹಾಸದಲ್ಲಿ ದೊಡ್ಡ ಆಸ್ತಿ ಎಂದರೆ 1635ರ ಒಂದು ನಕ್ಷೆ. ಆಗ ಊರನ್ನು ಕೊಂಡಿದ್ದವರು ಸರ್ ವಿಲಿಯಂ ಕೋರ್ಟನ್ ಎಂಬ ಲಂಡನ್ನಿನ ದೊಡ್ಡ ವ್ಯಾಪಾರಿ. ಅವರಿಗಾಗಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಊರನ್ನೆಲ್ಲಾ ಅಳೆದು, ಪ್ರತಿಯೊಂದು ಪಟ್ಟಿಯನ್ನೂ ಗುರುತಿಸಿ, ಯಾವುದು ಯಾರದು ಎಂದು ಪುಸ್ತಕದಲ್ಲಿ ಬರೆದ. ನಮ್ಮ ಊರಿನ ಗ್ರಾಮನಕ್ಷೆ ಮತ್ತು ಆಕಾರ್‌ಬಂದ್ ಎರಡೂ ಸೇರಿದ ಹಾಗೆ. ನಕ್ಷೆಯ ಮೇಲೆ ನೇಗಿಲು ಹೊಡೆಯುವವರು, ಕೊಯ್ಲಿನವರು, ದನ ಕುರಿ, ಬೇಟೆಯವರು ಎಲ್ಲಾ ಚಿತ್ರ ಬರೆದಿದ್ದಾನೆ. ಅದು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಇದೆ. ಪೂರ್ವ ಬಯಲು ಎಂಬ ನಾಲ್ಕನೆಯದೂ ಒಂದಿತ್ತು ಎಂಬುದು ಹಳೆಯ ದಾಖಲೆಯಿಂದಲೇ ತಿಳಿಯುವುದು.

ಈ ಕೋರ್ಟನ್ನರ ಹೆಸರು ನಮ್ಮ ನಾಡಿನ ಚರಿತ್ರೆಯಲ್ಲೂ ಬರುತ್ತದೆ ಎಂದರೆ ಓದುಗರಿಗೆ ಆಶ್ಚರ್ಯ ಆಗಬಹುದು. ನಕ್ಷೆ ಬರೆಸಿದ ಅದೇ 1635ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಗೆ ಎದುರಾಗಿ ಪೂರ್ವ ದೇಶಗಳ ವ್ಯಾಪಾರಕ್ಕೆ ಅರಸರಿಂದ ಪರವಾನಗಿ ಪಡೆದರು. 1636ರಲ್ಲಿ ಹಡಗುಗಳು ಹೊರಟವು. ಅದೇ ವರ್ಷ ಕೋರ್ಟನ್ ತೀರಿಕೊಂಡರು. ಹಡಗಿನವರು ಭಟ್ಕಳಕ್ಕೆ ಬಂದು, ಇಕ್ಕೇರಿಯ ವೀರಭದ್ರ ನಾಯಕರಲ್ಲಿ ಮೆಣಸಿನ ವ್ಯಾಪಾರಕ್ಕೆ ಅನುಮತಿ ಬೇಡಿದರು. ಅವರ ಜೊತೆಗಿದ್ದ ಪೀಟರ್ ಮಂಡಿ ಎಂಬಾತ ಇಕ್ಕೇರಿಯನ್ನು ಕಂಡು ಬರೆದಿಟ್ಟಿದ್ದಾನೆ. 1638ರಲ್ಲಿ ಸೋಂದೆ ಸೀಮೆಯ ಮೆಣಸಿಗಾಗಿ ಕಾರವಾರದಲ್ಲಿ ಕೋಠಿ ತೆರೆದದ್ದೂ ಕೋರ್ಟನ್ ಕಂಪನಿಯೇ. ಆದರೆ ವ್ಯಾಪಾರ ಕೈಹಿಡಿಯಲಿಲ್ಲ. ಸಾಲ ಬೆಳೆಯಿತು, ಮನೆತನ ದಿವಾಳಿಯಾಯಿತು. ಲ್ಯಾಕ್ಸ್‌ಟನ್ ಕೆಲವೇ ವರ್ಷಗಳಲ್ಲಿ ಪಿಯರ್‌ಪಾಂಟ್ ಮನೆತನಕ್ಕೆ ಹೋಯಿತು. ಮುಂದೆ ಅರ್ಲ್ ಮ್ಯಾನ್ವರ್ಸ್ ಎಂದು ಬಿರುದು ಪಡೆದವರು ಇವರ ವಾರಸುದಾರರೇ.

ದೇಶಕ್ಕೆಲ್ಲಾ ಬೇಲಿ ಬಿದ್ದದ್ದು

ಲ್ಯಾಕ್ಸ್‌ಟನ್ನಿನ ಬೆಲೆ ತಿಳಿಯಬೇಕಾದರೆ ಉಳಿದ ಊರುಗಳಿಗೆ ಏನಾಯಿತು ಎಂದು ನೋಡಬೇಕು. 1604ರಿಂದ 1914ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯಿದೆಗಳನ್ನು ಮಾಡಿತು. ಸುಮಾರು 68 ಲಕ್ಷ ಎಕರೆ, ಅಂದರೆ ಆ ದೇಶದ ನೆಲದಲ್ಲಿ ಐದರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಇದಕ್ಕೆ ಒಳಪಟ್ಟಿತು. ಹೆಚ್ಚಿನ ರಭಸ 1750ರಿಂದ 1850ರ ನಡುವೆ. ಹಂಚಿದ್ದ ಪಟ್ಟಿಗಳನ್ನು ಒಟ್ಟು ಮಾಡಿ, ಗೋಮಾಳವನ್ನೂ ಸೇರಿಸಿ, ಒಬ್ಬೊಬ್ಬ ಭೂಮಾಲೀಕನಿಗೆ ಒಂದೇ ಕಡೆ ಜಮೀನು ಕೊಟ್ಟು ಬೇಲಿ ಹಾಕಿಸುವುದು ಇದರ ಕ್ರಮ.

ಇದರಲ್ಲಿ ಒಳ್ಳೆಯದೂ ಇತ್ತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಒಂದೇ ಕಡೆ ಜಮೀನು ಸಿಕ್ಕವನು ಬಸಿಗಾಲುವೆ ತೋಡಿದ, ಹೊಸ ಮೇವಿನ ಬೆಳೆ ಹಾಕಿದ, ಒಳ್ಳೆ ತಳಿಯ ದನ ಕುರಿ ಸಾಕಿದ. ಇಳುವರಿ ಹೆಚ್ಚಿತು ಎಂದು ಹೇಳುವ ಇತಿಹಾಸಕಾರರು ಇದ್ದಾರೆ. ಆದರೆ ಬೇಲಿ ಹಾಕುವ ಖರ್ಚು, ಅಳತೆಯ ಖರ್ಚು, ವಕೀಲರ ಖರ್ಚು ಎಲ್ಲಾ ಹಿಡುವಳಿದಾರನ ತಲೆಗೆ ಬಂತು. ತಾಳಲಾರದೆ ಚಿಕ್ಕವರು ಮಾರಿಕೊಂಡರು. ಜಮೀನೇ ಇಲ್ಲದೆ, ಗೋಮಾಳದಲ್ಲಿ ಒಂದು ಹಸು ಮೇಯಿಸಿಕೊಂಡು, ಸೌದೆ ಆರಿಸಿಕೊಂಡು ಇದ್ದ ಕೂಲಿಯವನ ಪಾಡು ಇನ್ನೂ ಕಷ್ಟ. ಅವನ ಹಕ್ಕು ಬಳಕೆಯಲ್ಲಿತ್ತೇ ಹೊರತು ಕಾಗದದಲ್ಲಿ ಇರಲಿಲ್ಲ. ಕಾಗದ ತೋರಿಸು ಎಂದಾಗ ಅವನ ಕೈಯಲ್ಲಿ ಏನೂ ಇರಲಿಲ್ಲ. ಹಸು ಹೋಯಿತು. ಎಷ್ಟೋ ಮಂದಿ ಬರೀ ಕೂಲಿಯಾದರು, ಇಲ್ಲ ಗಿರಣಿಯ ಪಟ್ಟಣಗಳಿಗೆ ಹೋದರು.

ಲ್ಯಾಕ್ಸ್‌ಟನ್ ಹೇಗೆ ಉಳಿಯಿತು? ಅಲ್ಲೂ ಅಂಚಿನ ಜಮೀನುಗಳಿಗೆ ಕಾಲಕಾಲಕ್ಕೆ ಬೇಲಿ ಬಿದ್ದಿತು. ಬಯಲಿನ ವಿಸ್ತಾರ 1635ರಲ್ಲಿ ಇದ್ದದ್ದಕ್ಕಿಂತ ಬಹಳ ಇಳಿಯಿತು. ಆದರೆ ಊರಿಗೆಲ್ಲಾ ಬೇಲಿ ಹಾಕುವ ಕೆಲಸ ಪೂರ್ತಿ ಆಗಲಿಲ್ಲ. ಊರಿನಲ್ಲಿ ಇಬ್ಬರು ದೊಡ್ಡ ಒಡೆಯರಿದ್ದರು, ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೋ. ಹತ್ತೊಂಬತ್ತನೆಯ ಶತಮಾನದಲ್ಲಿ ಇವರಿಬ್ಬರಿಗೆ ಹಂಚಿಕೆಯಲ್ಲಿ ಒಮ್ಮತ ಬರಲಿಲ್ಲ. ಜೊತೆಗೆ ಸ್ವಂತ ಹಕ್ಕಿನ ಚಿಕ್ಕ ಹಿಡುವಳಿದಾರರೂ ಇದ್ದರು. ದೊಡ್ಡವರ ಜಗಳದಲ್ಲಿ ಊರು ಉಳಿಯಿತು ಅನ್ನಬಹುದು. ಅದು ದೈವಯೋಗ. ಆದರೆ ದೈವಯೋಗದಿಂದ ಉಳಿದದ್ದನ್ನು ಇಷ್ಟು ಕಾಲ ನಡೆಸಿಕೊಂಡು ಬಂದದ್ದು ಊರಿನವರ ಕೆಲಸ.

ಪಂಚರು ಹೊಲ ಸುತ್ತುವ ದಿನ

ಆ ಕೆಲಸ ಯಾವುದೆಂದರೆ ಕೋರ್ಟ್ ಲೀಟ್. ಇದು ಹಿಂದೆ ಊರಿನ ಒಡೆಯನ ಹೆಸರಲ್ಲಿ ನಡೆಯುತ್ತಿದ್ದ ಹಳ್ಳಿಯ ನ್ಯಾಯಸ್ಥಾನ. ಇಂಗ್ಲೆಂಡಿನಲ್ಲಿ ಎಲ್ಲೆಲ್ಲೂ ಇತ್ತು. ಈಗ ಉಳಿದಿರುವ ಬೇರೆ ಕಡೆ ಹೆಚ್ಚಾಗಿ ಶಾಸ್ತ್ರಕ್ಕೆ ಮಾತ್ರ ಉಳಿದಿದೆ. ಲ್ಯಾಕ್ಸ್‌ಟನ್ನಿನಲ್ಲಿ ಬೇಸಾಯದ ನಿಜವಾದ ಕೆಲಸ ಮಾಡುತ್ತದೆ.

ಪ್ರತಿ ವರ್ಷ ನವೆಂಬರ್ ಕೊನೆಗೆ, ಗೋಧಿ ಬಿತ್ತನೆ ಮುಗಿದ ಮೇಲೆ, ಪಂಚರ ಒಂದು ತಂಡ ಹೊಲಕ್ಕೆ ಹೊರಡುತ್ತದೆ. ಅದಕ್ಕೆ ಜ್ಯೂರಿ ಎಂದು ಹೆಸರು. ಅವರಲ್ಲಿ ಒಬ್ಬ ಮುಖ್ಯಸ್ಥ. ಎಲ್ಲರೂ ಊರಿನ ರೈತರೇ. ಈಗಿನ ಕಾಲದಲ್ಲಿ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕೂತು ಹೋಗುತ್ತಾರೆ. ಆ ವರ್ಷ ಗೋಧಿ ಬಿತ್ತಿದ ಬಯಲನ್ನು ಪೂರ್ತಿ ಸುತ್ತುತ್ತಾರೆ. ಮೂರು ಬಯಲೂ ಸರದಿಯಂತೆ ಗೋಧಿಗೆ ಬರುವುದರಿಂದ ಮೂರು ವರ್ಷಕ್ಕೊಮ್ಮೆ ಊರಿನ ಎಲ್ಲಾ ಹೊಲದ ತನಿಖೆ ಆದಂತಾಯಿತು.

ನೋಡುವುದು ಏನು? ಪಕ್ಕದವನ ಪಟ್ಟಿಗೆ ಒಂದು ಸಾಲು ಒತ್ತಿ ಉತ್ತಿದ್ದಾನೆಯೆ? ಬಂಡಿ ದಾರಿಯನ್ನು ಉತ್ತಿದ್ದಾನೆಯೆ? ಸೈಕಿನ ಹುಲ್ಲಿನ ಅಂಚಿಗೆ ನೇಗಿಲು ತಾಗಿಸಿದ್ದಾನೆಯೆ? ಕಾಲುವೆಯ ಹೂಳು ತೆಗೆಯದೆ ಬಿಟ್ಟಿದ್ದಾನೆಯೆ? ಗಡಿ ಸಂಶಯ ಬಂದ ಕಡೆ ಅಳೆದು ಗೂಟ ಹೊಡೆಯುತ್ತಾರೆ. ಪಂಚರ ಪಟ್ಟಿಗಳೂ ಅದೇ ಬಯಲಲ್ಲಿ ಇರುತ್ತವೆ. ತನಿಖೆ ಮಾಡುವವನ ಹೊಲವೂ ತನಿಖೆಗೆ ಒಳಪಟ್ಟದ್ದೇ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ನಮ್ಮ ಗಾದೆಗೆ ಅಲ್ಲಿ ಎಡೆ ಇಲ್ಲ. ಯಾಕೆಂದರೆ ಒಬ್ಬರ ಕಣ್ಣು ತಪ್ಪಿದರೂ ಉಳಿದವರ ಕಣ್ಣು ಇರುತ್ತದೆ.

ಸುತ್ತಿ ಬಂದ ಮೇಲೆ ಡವ್‌ಕೋಟ್ ಇನ್ನಿನಲ್ಲಿ ಒಟ್ಟಿಗೆ ಊಟ. ಊಟದ ನಂತರ ಯಾರ್‍ಯಾರ ತಪ್ಪಿಗೆ ಎಷ್ಟು ದಂಡ ಎಂದು ಕೂತು ತೀರ್ಮಾನ. ಒಂದು ವಾರ ಬಿಟ್ಟು ಕೋರ್ಟ್ ಸೇರುತ್ತದೆ. ಸ್ಟೀವರ್ಡ್ ಎಂಬ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಪಂಚರ ವರದಿ ಓದಿ ದಂಡ ಹಾಕುತ್ತಾರೆ. ಮುಂದಿನ ವರ್ಷದ ಪಂಚರಿಗೆ ಬೈಬಲ್ ಮುಟ್ಟಿಸಿ ಪ್ರಮಾಣ ಮಾಡಿಸುತ್ತಾರೆ. ದಂಡದ ಮೊತ್ತ ದೊಡ್ಡದೇನಲ್ಲ. ಆದರೆ ಊರೆದುರಿಗೆ ಹೆಸರು ಓದುತ್ತಾರಲ್ಲ, ಅದು ದಂಡಕ್ಕಿಂತ ದೊಡ್ಡದು.

ಈ ವಿಚಾರ ನಾವು ಎರಡು ಮೂರು ಸಲ ಓದಿದೆವು. ಒಂದು ಸಾಲು ಒತ್ತಿ ಉತ್ತದ್ದಕ್ಕೆ ನಮ್ಮ ಕಡೆ ಅಣ್ಣ ತಮ್ಮಂದಿರು ಹತ್ತಾರು ವರ್ಷ ಕೋರ್ಟಿಗೆ ಅಲೆದು, ಆ ಸಾಲಿನಲ್ಲಿ ಬೆಳೆಯುವ ರಾಗಿಯ ನೂರು ಪಾಲು ಹಣ ಕಳೆದುಕೊಂಡದ್ದು ನಮ್ಮೆಲ್ಲರಿಗೂ ಗೊತ್ತು. ಅಲ್ಲಿ ಮೊದಲ ವರ್ಷವೇ, ಸಾಲು ಹಸಿಯಾಗಿರುವಾಗಲೇ, ಗೂಟ ಹೊಡೆದು ಮುಗಿಸುತ್ತಾರೆ. ಜಗಳ ಬೆಳೆಯುವುದಕ್ಕೆ ಮುಂಚೆ ಚಿವುಟುವುದು ಅಂದರೆ ಇದೇ.

ಮೂರು ಸಲ ಕೈ ಬದಲಾದ ಊರು

ಇಪ್ಪತ್ತನೆಯ ಶತಮಾನದ ಮೊದಲಿಗೆ ಅರ್ಲ್ ಮ್ಯಾನ್ವರ್ಸ್ ಅವರು ತುಂಡು ಪಟ್ಟಿಗಳನ್ನು ಸೇರಿಸಿ ದೊಡ್ಡವನ್ನಾಗಿ ಮಾಡಿದರು. ಕಾಲಕ್ಕೆ ತಕ್ಕಂತೆ ಪದ್ಧತಿ ಬದಲಾಯಿತು, ಆದರೆ ಬಯಲು, ಸುತ್ತು, ಕೋರ್ಟು ಮೂರೂ ಉಳಿದವು. 1938ರಲ್ಲಿ ಆರ್ವಿನ್ ದಂಪತಿಗಳು ಲ್ಯಾಕ್ಸ್‌ಟನ್ನಿನ ವಿಚಾರವಾಗಿ ‘ದಿ ಓಪನ್ ಫೀಲ್ಡ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಆಗ ಈ ಸಣ್ಣ ಊರು ವಿದ್ವಾಂಸರ ಕಣ್ಣಿಗೆ ಬಿತ್ತು.

1952ರಲ್ಲಿ ಆರನೆಯ ಅರ್ಲ್ ಮ್ಯಾನ್ವರ್ಸ್ ಅವರು ಎಸ್ಟೇಟನ್ನು ಮಾರಬೇಕಾಗಿ ಬಂತು. ಸಿಕ್ಕಿದವರಿಗೆ ಮಾರಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಬಯಲಿನ ಬೇಸಾಯ ಉಳಿಯಲಿ ಎಂದು ಕೃಷಿ ಮಂತ್ರಾಲಯಕ್ಕೆ ಮಾರಿದರು. 1981ರಲ್ಲಿ ಮಂತ್ರಾಲಯ ಅದನ್ನು ಕ್ರೌನ್ ಎಸ್ಟೇಟ್ ಎಂಬ ಅರಸೊತ್ತಿಗೆಯ ಆಸ್ತಿ ನೋಡಿಕೊಳ್ಳುವ ಸಂಸ್ಥೆಗೆ ಕೊಟ್ಟಿತು. ಆ ಸಂಸ್ಥೆಯೂ ಮಾರಲು ಹೊರಟಾಗ ಊರವರಿಗೆ ಮತ್ತೆ ಚಿಂತೆ ಹತ್ತಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಅದನ್ನು ತೆಗೆದುಕೊಂಡಿತು. ಥೋರ್ಸ್‌ಬಿ ಎಂದರೆ ಹಿಂದಿನ ಮ್ಯಾನ್ವರ್ಸ್ ಮನೆತನದ ಎಸ್ಟೇಟೇ. ಹೋದ ಊರು ಸುತ್ತಿಕೊಂಡು ಹಳೆಯ ಮನೆಗೇ ಬಂದಂತಾಯಿತು.

ಒಡೆಯರು ಮೂರು ಸಲ ಬದಲಾದರೂ ನವೆಂಬರಿನ ತನಿಖೆ ನಿಲ್ಲಲಿಲ್ಲ. ಆದರೆ ಅಪಾಯ ಇಲ್ಲವೆಂದಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಐದಾರು ಮನೆ ಕೂಡಿ ಉಳುವ ಅಗತ್ಯ ಹೋಯಿತು. ಒಕ್ಕಲುಗಳ ಸಂಖ್ಯೆ ಇಳಿಯಿತು. ಹೊಲ ಸುತ್ತಲು ಪಂಚರು ಬೇಕು, ಪಂಚರಾಗಲು ಊರಲ್ಲಿ ಬೇಸಾಯ ಮಾಡುವ ಮನೆಗಳಿರಬೇಕು. ಕಾಯಿದೆ ಊರನ್ನು ಕಾಪಾಡಬಹುದು, ಎಸ್ಟೇಟು ಕಾಪಾಡಬಹುದು. ಆದರೆ ಚಳಿಯಲ್ಲಿ ಕೆಸರು ತುಳಿದು ಗೂಟ ಹೊಡೆಯುವ ಕೆಲಸಕ್ಕೆ ಊರಿನ ಮಗನೇ ಬೇಕು.

ನಮಗೆ ಇದರಿಂದ ಏನು

ಲ್ಯಾಕ್ಸ್‌ಟನ್ನಿನ ಬೇಸಾಯವನ್ನು ನಮ್ಮ ಊರಿಗೆ ತರಬೇಕು ಎಂದು ನಾವು ಹೇಳುತ್ತಿಲ್ಲ. ಆ ಮಳೆ ಬೇರೆ, ಮಣ್ಣು ಬೇರೆ, ಒಡೆತನದ ರೀತಿ ಬೇರೆ. ಅಲ್ಲಿ ಹೆಚ್ಚಿನವರು ಎಸ್ಟೇಟಿನ ಗೇಣಿದಾರರು. ನಮ್ಮಲ್ಲಿ 1974ರ ಭೂ ಸುಧಾರಣೆಯ ನಂತರ ಉಳುವವನೇ ಒಡೆಯ. ನಾವು ಕಲಿಯಬೇಕಾದ್ದು ಒಂದೇ. ಕೂಡಿ ಇಟ್ಟುಕೊಂಡದ್ದು ತಾನಾಗಿ ಉಳಿಯುವುದಿಲ್ಲ, ಪ್ರತಿ ವರ್ಷ ಹೋಗಿ ನೋಡಿದರೆ ಮಾತ್ರ ಉಳಿಯುತ್ತದೆ.

ನಮ್ಮ ಸಂಘದ ಹೊಲ ಎಂದರೆ ಲೆಕ್ಕದ ಪುಸ್ತಕ. ಅದರ ಬದು ಎಂದರೆ ಬೈಲಾ. ಅದರ ಸುತ್ತುವ ದಿನ ಎಂದರೆ ವಾರ್ಷಿಕ ಸರ್ವಸದಸ್ಯರ ಸಭೆ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹಾಕುವ ಸಂಘಗಳನ್ನು ನಾವೆಲ್ಲಾ ಕಂಡಿದ್ದೇವೆ. ನೋಟೀಸಿಗೆ ಸಹಿ ಹಾಕಿ ಮನೆಯಲ್ಲಿ ಕೂರುವವರನ್ನೂ ಕಂಡಿದ್ದೇವೆ. ನಿರ್ದೇಶಕರಾದ ನಮ್ಮ ಸಾಲದ ಖಾತೆಯನ್ನೂ ಸದಸ್ಯರು ತೆರೆದು ನೋಡಬೇಕು, ಲ್ಯಾಕ್ಸ್‌ಟನ್ನಿನ ಪಂಚರ ಪಟ್ಟಿಯನ್ನು ನೋಡುವ ಹಾಗೆ. ಕಂತು ತಪ್ಪಿದವನ ಹೆಸರನ್ನು ಮೊದಲ ವರ್ಷವೇ ಸಭೆಯಲ್ಲಿ ಓದಿದರೆ ಅವನಿಗೂ ಒಳ್ಳೆಯದು, ಸಂಘಕ್ಕೂ ಒಳ್ಳೆಯದು. ಹತ್ತು ವರ್ಷ ಬಿಟ್ಟು ಜಪ್ತಿಗೆ ಹೋಗುವುದು ಯಾರಿಗೂ ಒಳ್ಳೆಯದಲ್ಲ.

ಇಪ್ಪತ್ತೈದು ವರ್ಷ ಎಂದರೆ ನಮಗೆ ದೊಡ್ಡದೇ. ಲ್ಯಾಕ್ಸ್‌ಟನ್ನಿನ ಲೆಕ್ಕದಲ್ಲಿ ಅದು ಮೂರು ಬಯಲಿನ ಎಂಟು ಸುತ್ತು ಮುಗಿದು ಒಂಬತ್ತನೆಯದರ ಮೊದಲ ವರ್ಷ. ಇನ್ನು ಸುತ್ತಬೇಕಾದ್ದು ಬಹಳ ಇದೆ. ಈ ಸಲದ ಸರ್ವಸದಸ್ಯರ ಸಭೆಗೆ ತಾಯಂದಿರೂ ಯುವಕರೂ ಸೇರಿ ಎಲ್ಲರೂ ತಪ್ಪದೆ ಬರಬೇಕೆಂದು ಕೇಳಿಕೊಳ್ಳುತ್ತೇವೆ.